ಏಳನೆಯ ಗುಂಡಿನ ತಕರಾರು

ಬಂದೂಕು ಕೈಕೊಟ್ಟಾಗ ಸೇನೆಗಳು ಮೊದಲು ಅನುಮಾನಿಸುವುದು ಅದನ್ನು ಹಿಡಿದವನನ್ನು. ಸರಿಯಾಗಿ ಒರೆಸಿರಲಿಕ್ಕಿಲ್ಲ, ಎಣ್ಣೆ ಬಿಟ್ಟಿರಲಿಕ್ಕಿಲ್ಲ, ಕೆಸರಿನಲ್ಲಿ ಎಳೆದಾಡಿರಬೇಕು, ತೋಟಾ ತುಂಬುವಾಗ ಅವಸರ ಮಾಡಿರಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಕವಾಯತು ಮೈದಾನದಲ್ಲಿ ಸಲೀಸಾಗಿ ಚಲಾವಣೆಯಾಗುತ್ತದೆ. ಆದರೆ ನೆಲವೇ ಡೊಂಕಾಗಿರುವುದೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಕಾಲಾಳುಗಳ ಕೈಯಲ್ಲಿದ್ದ ಎಂ1 ಗ್ಯಾರಂಡ್ ರೈಫಲ್‌ನ ಚರಿತ್ರೆ ಇದಕ್ಕೆ ಒಳ್ಳೆಯ ಸಾಕ್ಷಿ. ಇಂದು ಅದರ ಹೆಸರೆತ್ತಿದರೆ ನಂಬಿಕೆಗೆ ಇನ್ನೊಂದು ಹೆಸರು ಎಂಬಂತೆ ಮಾತಾಡುತ್ತಾರೆ. ಜನರಲ್ ಪ್ಯಾಟನ್ 1945ರ ಜನವರಿಯಲ್ಲಿ ಬರೆದ ಪತ್ರವೊಂದರಲ್ಲಿ ಅದನ್ನು ಯುದ್ಧೋಪಕರಣಗಳಲ್ಲೇ ಶ್ರೇಷ್ಠ ಎಂದು ಹೊಗಳಿದ್ದು ಎಲ್ಲ ಪುಸ್ತಕಗಳಲ್ಲೂ ಬರುತ್ತದೆ. ಆದರೆ 1936ರಲ್ಲಿ ಸೇನೆ ಅದನ್ನು ಅಧಿಕೃತವಾಗಿ ಒಪ್ಪಿಕೊಂಡ ಮೇಲಿನ ನಾಲ್ಕೈದು ವರ್ಷ ಅದು ಒಂದಲ್ಲ ಒಂದು ರಗಳೆ ತೆಗೆಯುತ್ತಲೇ ಇತ್ತು. ಅದರ ನಂಬಿಕಸ್ಥ ಗುಣ ನಕ್ಷೆಯ ಹಾಳೆಯ ಮೇಲೆ ಹುಟ್ಟಿದ್ದಲ್ಲ. ದೋಷಗಳನ್ನು ಒಂದೊಂದಾಗಿ ಹುಡುಕಿ ತೆಗೆದ ಮೇಲೆ ಬಂದದ್ದು. ಆ ದೋಷಗಳಲ್ಲಿ ಮುಖ್ಯವಾದ ಯಾವೊಂದೂ ಸಿಪಾಯಿಯ ಕೈಯಲ್ಲಿ ಸಿಗಲಿಲ್ಲ. ಒಂದು ನಳಿಗೆಯ ತುದಿಯಲ್ಲಿ ಸಿಕ್ಕಿತು, ಒಂದು ಕಾರ್ಖಾನೆಯ ಕತ್ತರಿಸುವ ಉಪಕರಣದಲ್ಲಿ, ಇನ್ನೊಂದು ಗ್ರೀಸಿನ ಡಬ್ಬಿಯಲ್ಲಿ.

ಅರೆಸ್ವಯಂಚಾಲಿತ ರೈಫಲ್‌ಗೆ ಈ ಕಾಟ ಯಾಕೆ ಹೆಚ್ಚು ಎಂಬುದನ್ನು ಅದರ ಕೆಲಸದ ರೀತಿಯಿಂದಲೇ ತಿಳಿಯಬಹುದು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ 1903 ಇರಲಿ, ನಮ್ಮಲ್ಲಿ ತ್ರೀ ನಾಟ್ ತ್ರೀ ಎಂದೇ ಹೆಸರಾದ ಲೀ-ಎನ್‌ಫೀಲ್ಡ್ ಇರಲಿ, ಹಳೆಯ ಬೋಲ್ಟ್ ರೈಫಲ್‌ನ ಎಂಜಿನ್ ಸಿಪಾಯಿಯ ಬಲಗೈ. ಗುಂಡು ಹಾರಿದ ಮೇಲೆ ಬೋಲ್ಟನ್ನು ತಿರುಗಿಸಿ, ಹಿಂದಕ್ಕೆಳೆದು, ಖಾಲಿ ತೋಟಾ ಎಸೆದು, ಹೊಸದನ್ನು ಮುಂದೂಡುವವನು ಅವನೇ. ಎಲ್ಲಾದರೂ ಬಿಗಿಯಾದರೆ ಇನ್ನಷ್ಟು ಜೋರು ಹಾಕುತ್ತಾನೆ, ಅಗತ್ಯಬಿದ್ದರೆ ಅಂಗೈಯಿಂದ ಗುದ್ದುತ್ತಾನೆ. ಅರೆಸ್ವಯಂಚಾಲಿತದಲ್ಲಿ ಈ ಎಲ್ಲ ಕೆಲಸಕ್ಕೂ ಶಕ್ತಿ ಬರುವುದು ಹಾರಿದ ತೋಟಾದಿಂದ. ಎಂ1ನಲ್ಲಿ ಗುಂಡಿನ ಹಿಂದೆ ಉಕ್ಕಿಬರುವ ಅನಿಲದ ಒಂದು ಪಾಲು ನಳಿಗೆಯ ತುದಿಯ ಹತ್ತಿರ ಪಿಸ್ಟನ್ನನ್ನು ಹಿಂದಕ್ಕೆ ದಬ್ಬುತ್ತದೆ. ಪಿಸ್ಟನ್ ಆಪರೇಟಿಂಗ್ ರಾಡ್ ಎಂಬ ಉದ್ದನೆಯ ಸರಳಿನ ತುದಿಯೇ ಆಗಿದೆ. ಸರಳಿನ ಹಿಡಿಯೊಳಗಿನ ಓರೆ ಗಾಡಿಯಲ್ಲಿ, ಅಂದರೆ ತೋಡಿನಲ್ಲಿ, ಬೋಲ್ಟಿನ ಒಂದು ಕಿವಿ ಜಾರಿ ಬೋಲ್ಟ್ ತಿರುಗುತ್ತದೆ, ಬೀಗ ಬಿಚ್ಚುತ್ತದೆ, ಖಾಲಿ ತೋಟಾ ಹೊರಬೀಳುತ್ತದೆ. ಅಷ್ಟರಲ್ಲಿ ಒತ್ತಿ ಕುಳಿತ ಸ್ಪ್ರಿಂಗ್ ಎಲ್ಲವನ್ನೂ ಮುಂದಕ್ಕೆ ತಳ್ಳಿ ಮುಂದಿನ ತೋಟಾವನ್ನು ಚೇಂಬರಿಗೆ ನುಗ್ಗಿಸುತ್ತದೆ. ಗ್ಯಾರಂಡ್‌ನ ಜಾಣತನವೆಂದರೆ ಅದೇ ಒಂದು ಸ್ಪ್ರಿಂಗ್ ಕೆಳಗಿನ ತೋಟಾಗಳನ್ನು ಮೇಲಕ್ಕೆತ್ತುವ ಕೆಲಸವನ್ನೂ ಮಾಡುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯಬೇಕು. ಹಾಗಾಗಿ ಇಂಥ ರೈಫಲ್‌ನಲ್ಲಿ ತೋಟಾ ಬರಿಯ ಆಹಾರವಲ್ಲ, ಯಂತ್ರದ ಒಂದು ಬಿಡಿಭಾಗ. ಮದ್ದು ಬದಲಾದರೆ ಯಂತ್ರವೇ ಬದಲಾದಂತೆ. ಮಧ್ಯದಲ್ಲಿ ಬಲಪ್ರಯೋಗಕ್ಕೆ ಮನುಷ್ಯನ ಕೈ ಇಲ್ಲದಿರುವುದರಿಂದ ಪ್ರತಿಯೊಂದು ಉಜ್ಜಾಟ, ಪ್ರತಿಯೊಂದು ಕೂದಲೆಳೆಯ ಅಳತೆತಪ್ಪು ಲೆಕ್ಕಕ್ಕೆ ಬರುತ್ತದೆ.

ಈ ಪಾಠವನ್ನು ಜಾನ್ ಗ್ಯಾರಂಡ್ ಬಹಳ ಹಿಂದೆಯೇ ಕಲಿತಿದ್ದ. ಕೆನಡಾದ ಕ್ವಿಬೆಕ್‌ನಲ್ಲಿ 1888ರಲ್ಲಿ ಹುಟ್ಟಿದ ಅವನು 1919ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಂಬ ಸರ್ಕಾರಿ ಶಸ್ತ್ರಾಗಾರಕ್ಕೆ ಕೆಲಸಕ್ಕೆ ಸೇರಿದ. ಅವನ ಮೊದಲ ಮಾದರಿಗಳು ನಡೆಯುತ್ತಿದ್ದುದು ಪ್ರೈಮರ್‌ನ ಬಲದಿಂದ. ತೋಟಾದ ಬುಡದಲ್ಲಿರುವ ಕಿಡಿಗುಳಿಗೆ ಸಿಡಿದಾಗ ತುಸು ಹಿಂದಕ್ಕೆ ಸರಿಯುತ್ತದಲ್ಲ, ಆ ಚಿಕ್ಕ ಚಲನೆಯಿಂದಲೇ ಬೋಲ್ಟಿನ ಬೀಗ ಬಿಚ್ಚುವ ಉಪಾಯ ಅದು. ಕೆಲಸವೂ ಮಾಡುತ್ತಿತ್ತು. ಆದರೆ 1925ರ ಹೊತ್ತಿಗೆ ಸೇನೆ ತನ್ನ ತೋಟಾವನ್ನು ಬದಲಿಸಿತು. ಹೊಸ ಮದ್ದು ನಿಧಾನವಾಗಿ ಒತ್ತಡ ಏರಿಸುವಂಥದ್ದು, ಪ್ರೈಮರನ್ನೋ ಜಾಗ ಬಿಟ್ಟು ಕದಲದಂತೆ ಸುತ್ತ ಕಚ್ಚಿ ಕೂರಿಸಿದ್ದರು. ರೈಫಲ್‌ನ ಒಂದು ಮೊಳೆಯನ್ನೂ ಯಾರೂ ಮುಟ್ಟಿರಲಿಲ್ಲ, ಆದರೂ ಅದು ಸತ್ತುಹೋಯಿತು. ಗ್ಯಾರಂಡ್ ಮತ್ತೆ ಮೊದಲಿನಿಂದ ಶುರುಮಾಡಿ ಅನಿಲಚಾಲಿತ ಮಾದರಿಗೆ ಬಂದ. ಅವನ ಪ್ರತಿಸ್ಪರ್ಧಿ ಜಾನ್ ಪೆಡರ್ಸನ್ ತಯಾರಿಸಿದ ರೈಫಲ್ ಚೆನ್ನಾಗಿ ನಡೆಯಬೇಕಾದರೆ ತೋಟಾಗಳಿಗೆ ತೆಳುವಾಗಿ ಮೇಣ ಸವರಿರಬೇಕಿತ್ತು, ಅಂದರೆ ಅಲ್ಲಿಯೂ ಯಂತ್ರದ ಅರ್ಧ ತೋಟಾದಲ್ಲೇ ಇತ್ತು. ಇಬ್ಬರೂ ಪಾಯಿಂಟ್ 276 ಅಳತೆಯ ಚಿಕ್ಕ ತೋಟಾವನ್ನು ನೆಚ್ಚಿ ಕೆಲಸ ಮಾಡುತ್ತಿದ್ದಾಗ, 1932ರಲ್ಲಿ ಸೇನಾ ಮುಖ್ಯಸ್ಥ ಡಗ್ಲಸ್ ಮ್ಯಾಕ್‌ಆರ್ಥರ್, ಗೋದಾಮುಗಳಲ್ಲಿ ಹಳೆಯ ಪಾಯಿಂಟ್ 30 ತೋಟಾ ರಾಶಿಬಿದ್ದಿರುವಾಗ ಹೊಸದು ಬೇಡ ಎಂದುಬಿಟ್ಟ. ಗ್ಯಾರಂಡ್‌ನ ಬಳಿ ಪಾಯಿಂಟ್ 30ಕ್ಕೂ ಒಂದು ಮಾದರಿ ಸಿದ್ಧವಿದ್ದುದರಿಂದ ಅವನು ಉಳಿದುಕೊಂಡ. ಆ ಮಾದರಿಯ ಬೋಲ್ಟ್ ಪರೀಕ್ಷೆಯಲ್ಲಿ ಬಿರುಕುಬಿಟ್ಟು ಮೂಲೆ ಸೇರಿತ್ತು. ಅದನ್ನೇ ಹೊರತೆಗೆದು ಬಲಪಡಿಸಿದರು. 1936ರ ಜನವರಿ 9ರಂದು ಎಂ1 ಎಂದು ಹೆಸರಿಟ್ಟು ಅಂಗೀಕರಿಸಿದ್ದು ಇದರ ಸಂತತಿಯನ್ನೇ.

ಮೊದಲ ದೊಡ್ಡ ದೋಷ ಒಂದು ಅಂಜಿಕೆಯಿಂದ ಹುಟ್ಟಿತು. ನಳಿಗೆಗೆ ತೂತು ಕೊರೆದರೆ ಅದು ಬೇಗ ಸವೆಯುತ್ತದೆ, ಗುರಿ ಕೆಡುತ್ತದೆ ಎಂಬುದು ಸೇನೆಗೆ ಶಸ್ತ್ರ ಒದಗಿಸುವ ಆ ಕಾಲದ ಆರ್ಡ್‌ನನ್ಸ್ ಇಲಾಖೆಯ ಗಟ್ಟಿ ನಂಬಿಕೆ. ಹಾಗಾಗಿ ಗ್ಯಾರಂಡ್ ನಳಿಗೆಯನ್ನು ಮುಟ್ಟದೆ, ಅದರ ಬಾಯಿಯ ಮುಂದೆ ಇನ್ನೊಂದು ಸುಳ್ಳು ಬಾಯಿ ಜೋಡಿಸಿ, ಎರಡರ ನಡುವಿನ ಸಂದಿನಲ್ಲಿ ಅನಿಲವನ್ನು ಹಿಡಿಯುವ ಏರ್ಪಾಟು ಮಾಡಿದ. ಕಾಗದದ ಮೇಲೆ ಇದು ಸೊಗಸಾಗಿತ್ತು. ಬಳಕೆಯಲ್ಲಿ ಆ ಸಂದಿನೊಳಗೆ ಕರಿ ಗಟ್ಟಿಯಾಗಿ ಕೂತು ತೆಗೆಯಲು ಬಾರದಾಯಿತು. ಬಯೊನೆಟ್ ಸಿಕ್ಕಿಸುವುದು ಇದೇ ಜೋಡಣೆಗೆ, ಆದ್ದರಿಂದ ಅದರ ತೂಕ, ಎಳೆದಾಟ ಎಲ್ಲ ಇದರ ಮೇಲೆ ಬಿದ್ದು ಸಡಿಲವಾಗುತ್ತಿತ್ತು. ಎರಡು ಬಾಯಿಗಳ ಸಾಲು ತಪ್ಪಿದರೆ ಗುಂಡು ಎರಡನೆಯದರ ಅಂಚಿಗೆ ತಾಗುವ ಅಪಾಯ ಬೇರೆ. ಕೊನೆಗೆ 1939ರಿಂದ 1940ರ ನಡುವೆ ಇಲಾಖೆ ತನ್ನ ಅಂಜಿಕೆಯನ್ನು ಬಿಟ್ಟು ನಳಿಗೆಗೆ ನೇರವಾಗಿ ಸಣ್ಣ ರಂಧ್ರ ಕೊರೆಯಲು ಒಪ್ಪಿತು. ಆವರೆಗೆ ತಯಾರಾಗಿದ್ದ ಸುಮಾರು 50,000 ರೈಫಲ್‌ಗಳಲ್ಲಿ ಬಹುಪಾಲನ್ನು ಆಮೇಲೆ ಹೊಸ ರೀತಿಗೆ ತಿದ್ದಿದರು. ಹಳೆಯ ರೂಪದಲ್ಲೇ ಉಳಿದ ಕೆಲವೇ ಕೆಲವಕ್ಕೆ ಇಂದು ಸಂಗ್ರಹಕಾರರು ಕಣ್ಣು ಕುಕ್ಕುವ ಬೆಲೆ ಕೊಡುತ್ತಾರೆ. ಕೆಟ್ಟ ವಿನ್ಯಾಸಕ್ಕೆ ಒಳ್ಳೆಯದಕ್ಕಿಂತ ಹೆಚ್ಚು ಬೆಲೆ ಬರುವ ಮಾರುಕಟ್ಟೆ ಇದೊಂದೇ ಇರಬೇಕು. ರಂಧ್ರ ಕೊರೆದರೆ ನಳಿಗೆ ಹಾಳಾಗುತ್ತದೆ ಎಂಬ ಭಯ ನಿಜವಾಗಲಿಲ್ಲ. ಯುದ್ಧದುದ್ದಕ್ಕೂ ತಯಾರಾದ ಲಕ್ಷಾಂತರ ರೈಫಲ್‌ಗಳ ನಳಿಗೆಗೆ ಆ ರಂಧ್ರವಿತ್ತು.

ಎರಡನೆಯ ದೋಷವನ್ನು ತುಸು ಹತ್ತಿರದಿಂದ ನೋಡಬೇಕು. ನನ್ನ ವಾದದ ಭಾರವೆಲ್ಲ ಇರುವುದು ಅದರ ಮೇಲೆ. ಎಂ1ಗೆ ತೋಟಾ ತುಂಬುವುದು ಒಂದೊಂದಾಗಿ ಅಲ್ಲ. ಎಂಟು ತೋಟಾಗಳನ್ನು ಬಾಗಿದ ಉಕ್ಕಿನ ತಗಡಿನ ಕ್ಲಿಪ್ಪೊಂದರಲ್ಲಿ ಎರಡು ಸಾಲಾಗಿ ಬಿಗಿದಿರುತ್ತಾರೆ. ಕ್ಲಿಪ್ ಸಮೇತ ಮೇಲಿನಿಂದ ಒತ್ತಿದರೆ ಎಲ್ಲವೂ ಒಮ್ಮೆಲೇ ಒಳಗೆ ಕೂರುತ್ತವೆ, ಎಂಟನೆಯದು ಹಾರಿದ ಮೇಲೆ ಬರಿದಾದ ಕ್ಲಿಪ್ ಠಣ್ಣೆಂದು ಹೊರಚಿಮ್ಮುತ್ತದೆ. ತಯಾರಿಕೆ ಭರದಿಂದ ಸಾಗುತ್ತಿದ್ದ 1939ರ ಸುಮಾರಿಗೆ ಒಂದು ವಿಚಿತ್ರ ಗಮನಕ್ಕೆ ಬಂತು. ರೈಫಲ್ ಸಿಕ್ಕಿಕೊಳ್ಳುತ್ತಿತ್ತು, ಆದರೆ ಎಲ್ಲೆಂದರಲ್ಲಿ ಅಲ್ಲ, ಮತ್ತೆ ಮತ್ತೆ ಏಳನೆಯ ಗುಂಡಿನ ಬಳಿಯೇ. ಮೊದಲ ಆರು ಸರಾಗವಾಗಿ ಹೋಗುತ್ತವೆ, ಏಳನೆಯದು ಚೇಂಬರಿನ ದಾರಿ ತಪ್ಪಿ ಓರೆಯಾಗಿ ನಿಲ್ಲುತ್ತದೆ. ಇಲ್ಲಿ ಸಿಪಾಯಿಯನ್ನು ದೂರುವುದಕ್ಕೆ ದಾರಿಯೇ ಇಲ್ಲ, ಯಾಕೆಂದರೆ ಕೊಳೆಗೆ ಎಣಿಸಲು ಬರುವುದಿಲ್ಲ. ಕೊಳೆಯಿಂದಾಗಿ ನಿಲ್ಲುವ ಬಂದೂಕು ಮೂರಕ್ಕೂ ನಿಲ್ಲುತ್ತದೆ, ಐದಕ್ಕೂ ನಿಲ್ಲುತ್ತದೆ. ಪ್ರತಿಸಲ ಏಳಕ್ಕೇ ನಿಲ್ಲುತ್ತದೆಂದರೆ ಕಾರಣ ಯಂತ್ರದ ಆಕಾರದಲ್ಲಿರಬೇಕು. ಕ್ಲಿಪ್ಪಿನಲ್ಲಿ ಎರಡೇ ತೋಟಾ ಉಳಿದಾಗ ಒಂದಕ್ಕೊಂದು ಒತ್ತಿ ಹಿಡಿದಿದ್ದ ಬಿಗಿ ಸಡಿಲವಾಗುತ್ತದೆ, ಕ್ಲಿಪ್ ಅಲುಗಾಡಲು ಜಾಗ ಸಿಗುತ್ತದೆ. ಆ ಹೊತ್ತಿಗೆ ಅದನ್ನು ಪಕ್ಕದಿಂದ ಆಧರಿಸಬೇಕಾದದ್ದು ರಿಸೀವರಿನ, ಅಂದರೆ ಬೋಲ್ಟನ್ನೂ ಕ್ಲಿಪ್ಪನ್ನೂ ಒಳಗಿಟ್ಟುಕೊಳ್ಳುವ ಉಕ್ಕಿನ ಚೌಕಟ್ಟಿನ, ಒಳಗೋಡೆಯ ಒಂದು ಸಣ್ಣ ಏಣು. ವಿಚಾರಣೆಯಲ್ಲಿ ತಿಳಿದದ್ದು ಇಷ್ಟು: ಮಾದರಿ ತಯಾರಿಸುವ ಕೋಣೆಯಲ್ಲಿ ನುರಿತ ಕೆಲಸಗಾರರು ಮಾಡಿದ ಮೊದಲ ರೈಫಲ್‌ಗಳಲ್ಲಿ ಆ ಏಣು ಪೂರ್ತಿಯಾಗಿತ್ತು. ದೊಡ್ಡ ಪ್ರಮಾಣದ ತಯಾರಿಕೆಗೆ ಯಂತ್ರಗಳನ್ನು ಸಜ್ಜುಗೊಳಿಸುವಾಗ ಕತ್ತರಿಸುವ ಹಾದಿ ತುಸು ಬದಲಾಗಿ ಏಣಿನ ಒಂದು ಚೂರು ಲೋಹ ಹಾರಿಹೋಗಿತ್ತು. ನೋಡುವವರಿಗೆ ಅದು ಅನವಶ್ಯಕ ಅಂಚು. ಎರಡು ತೋಟಾ ಉಳಿದ ಕ್ಲಿಪ್ಪಿಗೆ ಅದೊಂದೇ ಆಸರೆ.

ಪರಿಹಾರ ನಾಟಕೀಯವಲ್ಲ. ಹೊಸ ರಿಸೀವರ್‌ಗಳಲ್ಲಿ ಆ ಚೂರನ್ನು ಉಳಿಸಿಕೊಳ್ಳುವಂತೆ ಉಪಕರಣ ತಿದ್ದಿದರು, ಹಳೆಯವಕ್ಕೆ ಅದೇ ಜಾಗದಲ್ಲಿ ಬೆಸುಗೆಯಿಂದ ಲೋಹ ತುಂಬಿ ಉಜ್ಜಿ ಆಕಾರಕ್ಕೆ ತಂದರು. ನನಗೆ ಮುಖ್ಯವೆನಿಸುವುದು ಪರಿಹಾರಕ್ಕಿಂತ ಹುಡುಕಾಟದ ಸಾಧ್ಯತೆ. ಅನುಮಾನಕ್ಕೆ ಯೋಗ್ಯವಾದವು ಹತ್ತಾರಿದ್ದವು: ತೋಟಾ, ಕ್ಲಿಪ್ಪಿನ ತಗಡು, ಸ್ಪ್ರಿಂಗ್‌ನ ಬಲ, ಮೇಲೆತ್ತುವ ತೋಳು. ಮಾದರಿ ಮಾಡಿದ ಕೋಣೆ, ರಾಶಿಗಟ್ಟಲೆ ತಯಾರಿಸುವ ಸಾಲು, ಗುಂಡು ಹಾರಿಸಿ ನೋಡುವ ಜಾಗ, ಇವೆಲ್ಲ ಒಂದೇ ಸಂಸ್ಥೆಯಲ್ಲಿದ್ದುದರಿಂದ, ಮತ್ತು ಮೂಲ ವಿನ್ಯಾಸಗಾರನೇ ಅಲ್ಲಿ ಸಂಬಳಕ್ಕಿದ್ದುದರಿಂದ, ಹಳೆಯ ರೈಫಲ್ ಹೊಸದರ ಪಕ್ಕ ಇಟ್ಟು ಹೋಲಿಸುವುದು ಸಾಧ್ಯವಾಯಿತು. ನಕ್ಷೆ ಒಬ್ಬನದು, ಕಾರ್ಖಾನೆ ಇನ್ನೊಬ್ಬನದು, ಪರೀಕ್ಷೆ ಮೂರನೆಯವನದು ಆಗಿದ್ದರೆ ಮೂವರೂ ತಂತಮ್ಮ ಕಾಗದ ತೋರಿಸಿ ಕೈತೊಳೆದುಕೊಳ್ಳುತ್ತಿದ್ದರು. ಸ್ಪ್ರಿಂಗ್‌ಫೀಲ್ಡ್ ಆರ್ಮರಿ 1794ರಲ್ಲಿ ಸ್ಥಾಪನೆಯಾಗಿ ಮೊದಲು ಮಸ್ಕೆಟ್, ಆಮೇಲೆ ರೈಫಲ್ ಮಾಡುತ್ತ ಬಂದ ಜಾಗ. ಅದರ ಬಹಳಷ್ಟು ಯಂತ್ರಗಳು ಹಳೆಯವು, ಅದರ ಆಡಳಿತ ಸರ್ಕಾರಿ ಮಂದಗತಿಯದು. ಆದರೂ ತಾನು ಮಾಡಿದ್ದನ್ನು ತಾನೇ ಬಿಚ್ಚಿ ನೋಡುವ ಅಭ್ಯಾಸ ಅಲ್ಲಿತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಮತ್ತು ಅದು ಬಲವಾದದ್ದು. ಆರ್ಮರಿಯವರು ದೋಷ ಹುಡುಕಿದ್ದು ತಾವಾಗಿಯೋ, ಹೊರಗಿನವರ ಕಾಟದಿಂದಲೋ? ಆರ್ಡ್‌ನನ್ಸ್ ಇಲಾಖೆಯ ಮೊದಲ ಪ್ರವೃತ್ತಿ ಎಲ್ಲ ಇಲಾಖೆಗಳಂತೆ ಬಾಯಿ ಮುಚ್ಚಿಕೊಳ್ಳುವುದೇ ಆಗಿತ್ತು. 1940ರಲ್ಲಿ ಅಮೆರಿಕನ್ ರೈಫಲ್‌ಮನ್ ಪತ್ರಿಕೆ ಎಂ1 ಅನ್ನು ಕಟುವಾಗಿ ವಿಮರ್ಶಿಸಿತು. ಬಾಸ್ಟನ್ನಿನ ವಕೀಲ, ಮರೀನ್ ಮೀಸಲು ಪಡೆಯ ಅಧಿಕಾರಿ ಮೆಲ್ವಿನ್ ಜಾನ್ಸನ್ ತನ್ನದೇ ಅರೆಸ್ವಯಂಚಾಲಿತ ರೈಫಲ್ ಹಿಡಿದು ಬಂದು ಗ್ಯಾರಂಡ್‌ಗಿಂತ ಇದು ಮೇಲು ಎಂದು ವಾದಿಸಿದ, ವಿಷಯ ಸೆನೆಟ್ ಸಮಿತಿಯವರೆಗೂ ಹೋಯಿತು. ಅದೇ ವರ್ಷದ ಕೊನೆಗೆ ಮರೀನ್ ಪಡೆ ಸ್ಯಾನ್ ಡಿಯಾಗೊದಲ್ಲಿ ಎಂ1, ಜಾನ್ಸನ್, ವಿಂಚೆಸ್ಟರ್ ಕಂಪನಿಯ ಒಂದು ಮಾದರಿ ಮತ್ತು ಹಳೆಯ 1903 ಬೋಲ್ಟ್ ರೈಫಲ್, ಈ ನಾಲ್ಕನ್ನೂ ಕೆಸರು, ಮರಳು, ಸಮುದ್ರದ ಉಪ್ಪುನೀರಿನಲ್ಲಿ ಅದ್ದಿ ಪರೀಕ್ಷಿಸಿತು. ಆ ಕಷ್ಟಗಳಲ್ಲಿ ಸ್ಥಿರವಾಗಿ ನಡೆದದ್ದು ಹಳೆಯ ಬೋಲ್ಟ್ ರೈಫಲ್ಲೇ. ಅರೆಸ್ವಯಂಚಾಲಿತಗಳಲ್ಲಿ ಎಂ1 ಮುಂದಿತ್ತು, ಮರೀನರು 1941ರಲ್ಲಿ ಅದನ್ನು ಒಪ್ಪಿಕೊಂಡರು. ಹಾಗಾಗಿ ಆಕ್ಷೇಪಕ್ಕೆ ನನ್ನ ಉತ್ತರ ಅರ್ಧ ಒಪ್ಪಿಗೆ. ಹೊರಗಿನ ಗಲಾಟೆ ಇಲ್ಲದಿದ್ದರೆ ಇಲಾಖೆ ಇನ್ನಷ್ಟು ಮೀನಮೇಷ ಎಣಿಸುತ್ತಿತ್ತು. ಆದರೆ ಗಲಾಟೆ ಮಾಡಿದವರು ದೋಷವಿದೆ ಎಂದು ಹೇಳಬಲ್ಲವರಾಗಿದ್ದರು, ಎಲ್ಲಿದೆ ಎಂದು ಹೇಳಬಲ್ಲವರಾಗಿರಲಿಲ್ಲ. ಅದಕ್ಕೆ ಉಪಕರಣ, ನಕ್ಷೆ, ರಿಸೀವರ್ ಮೂರೂ ಎದುರಿಗಿರುವವನು ಬೇಕಿತ್ತು.

ಮೂರನೆಯ ದೋಷ ಮಳೆಯದು. ಜಡಿಮಳೆಯಲ್ಲಿ ನೆನೆಯುತ್ತ ಗುಂಡು ಹಾರಿಸುತ್ತಿದ್ದರೆ ಎಂ1 ಕೆಲಹೊತ್ತಿನಲ್ಲಿ ಮೊಂಡಾಗಿ ನಿಂತುಬಿಡುತ್ತಿತ್ತು. ಆಪರೇಟಿಂಗ್ ರಾಡಿನ ಹಿಡಿಯೊಳಗೆ ಬೋಲ್ಟಿನ ಕಿವಿ ಜಾರುವ ಓರೆ ಗಾಡಿಯನ್ನು ಮೇಲೆ ಹೇಳಿದೆನಲ್ಲ, ಇಡೀ ರೈಫಲ್‌ನಲ್ಲಿ ಲೋಹದ ಮೇಲೆ ಲೋಹ ಅತಿ ಜೋರಾಗಿ ತಿಕ್ಕುವ ಜಾಗ ಅದು. ಬೆರಳ ತುದಿಯಷ್ಟು ಅಗಲವಿಲ್ಲದ ಆ ಗಾಡಿಯಲ್ಲಿ ನೂರಾರು ಗುಂಡುಗಳ ಬಳಿಕ ಹೊಳೆಯುವ ಗೆರೆಯೊಂದು ಮೂಡಿರುತ್ತದೆ, ಬಲವೆಲ್ಲ ಎಲ್ಲಿ ಬೀಳುತ್ತದೆಂದು ಅದೇ ತೋರಿಸುತ್ತದೆ. ಮಾಮೂಲಿ ಬಂದೂಕಿನ ಎಣ್ಣೆ ತೆಳು, ಮಳೆನೀರು ಅದನ್ನು ಅಲ್ಲಿಂದ ತೊಳೆದುಬಿಡುತ್ತದೆ. ಒಣಗಿದ ಗಾಡಿಯಲ್ಲಿ ಕಿವಿ ಕಚ್ಚಿಕೊಳ್ಳುತ್ತದೆ, ಅನಿಲದ ಬಲವೆಲ್ಲ ಆ ಉಜ್ಜಾಟವನ್ನು ಗೆಲ್ಲುವುದಕ್ಕೇ ಖರ್ಚಾಗುತ್ತದೆ. ವಿನ್ಯಾಸ ಬದಲಿಸುವ ಆಲೋಚನೆಗೆ ಹೋಗದೆ ಸೇನೆ ನೀರಿಗೆ ಜಗ್ಗದ ಗಟ್ಟಿ ಗ್ರೀಸೊಂದನ್ನು ಹುಡುಕಿತು. ಫಿಸ್ಕ್ ಬ್ರದರ್ಸ್ ಕಂಪನಿಯ ಲೂಬ್ರಿಪ್ಲೇಟ್ 130-ಎ ಅದು. ಮುಂದೆ ಚಿಕ್ಕ ಡಬ್ಬಿಗಳಲ್ಲಿ ತುಂಬಿ ಸಿಪಾಯಿಗಳಿಗೇ ಹಂಚಿದರು. ರೈಫಲ್‌ನ ಹಿಂಬದಿಯ ಮರದ ಬುಡದಲ್ಲಿ ಅದಕ್ಕೆ ಗೂಡೂ ಇತ್ತು. ಗಾಡಿಗೊಂದು ಚಿಟಿಕೆ, ಬೋಲ್ಟಿನ ಬೀಗದ ಹಲ್ಲುಗಳಿಗೊಂದಿಷ್ಟು, ರಾಡ್ ಜಾರುವ ಹಾದಿಗಿಷ್ಟು ಸವರಿದರೆ ಮಳೆಯ ರಗಳೆ ಬಹುಮಟ್ಟಿಗೆ ತೀರಿತು. ಗ್ರೀಸ್ ಹಚ್ಚುವವನು ಸಿಪಾಯಿಯೇ, ನಿಜ. ಆದರೆ ಸರಿಯಾದ ಗ್ರೀಸ್ ಅವನ ಕೈಗೆ ಬರುವವರೆಗೆ ಅವನು ಎಷ್ಟೇ ಶಿಸ್ತಿನಿಂದ ಎಣ್ಣೆ ಬಿಟ್ಟಿದ್ದರೂ ಮಳೆಯೇ ಗೆಲ್ಲುತ್ತಿತ್ತು.

ಹಾಗಾದರೆ ಸಿಪಾಯಿಯ ಅಜಾಗ್ರತೆ ಎಂಬುದೇ ಇರಲಿಲ್ಲವೇ? ಇತ್ತು, ಧಾರಾಳವಾಗಿಯೇ ಇತ್ತು. ಆ ಕಾಲದ ಅಮೆರಿಕದ ತೋಟಾಗಳ ಪ್ರೈಮರ್‌ನಲ್ಲಿ ಕ್ಲೋರೇಟ್ ಇರುತ್ತಿತ್ತು. ಗುಂಡು ಹಾರಿದ ಮೇಲೆ ಅದು ಉಪ್ಪಾಗಿ ನಳಿಗೆಯಲ್ಲೂ ಅನಿಲದ ಕೊಳವೆಯಲ್ಲೂ ಉಳಿದು ತೇವ ಹೀರಿಕೊಂಡು ತುಕ್ಕು ಹಿಡಿಸುತ್ತಿತ್ತು. ಎಣ್ಣೆ ಅದನ್ನು ಕರಗಿಸುವುದಿಲ್ಲ, ಸೋಪುನೀರೇ ಬೇಕು. ಇದನ್ನು ಮರೆತವನ ರೈಫಲ್ ನಾಲ್ಕು ದಿನದಲ್ಲಿ ಕೆಂಪಾಗುತ್ತಿತ್ತು. ಅದೇ ರೀತಿ ಅನಿಲದ ಕೊಳವೆಗೆ ಎಣ್ಣೆ ಬಿಡಬಾರದು ಎಂದು ಕೈಪಿಡಿ ಹೇಳುತ್ತಿತ್ತು. ಅತಿ ಉತ್ಸಾಹಿಗಳು ಅಲ್ಲಿಯೂ ಎಣ್ಣೆ ಸುರಿದು ಅದು ಸುಟ್ಟು ಅಂಟಾಗುವಂತೆ ಮಾಡುತ್ತಿದ್ದರು. ಆದರೆ ಗಮನಿಸಬೇಕಾದ್ದು, ಆರ್ಮರಿ ಈ ಅಜಾಗ್ರತೆಯನ್ನೂ ಲೆಕ್ಕಕ್ಕೆ ಹಿಡಿದಿತ್ತು. ಅನಿಲದ ಕೊಳವೆಯನ್ನೂ ಪಿಸ್ಟನ್ನಿನ ತಲೆಯನ್ನೂ ತುಕ್ಕುಹಿಡಿಯದ ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡಿದ್ದರು. ಉಳಿದ ಭಾಗಗಳಿಗೆ ಕೊಡುವ ಬೂದುಬಣ್ಣದ ರಾಸಾಯನಿಕ ಲೇಪ ಆ ಉಕ್ಕಿಗೆ ಹತ್ತುತ್ತಿರಲಿಲ್ಲವಾದ್ದರಿಂದ ಕೊಳವೆಗೆ ಕಪ್ಪು ಬಣ್ಣ ಬಳಿಯುತ್ತಿದ್ದರು. ಬಣ್ಣ ಸವೆದು ಬೆಳ್ಳಗೆ ಮಿನುಗುವ ಮೂತಿಯ ಗ್ಯಾರಂಡ್‌ಗಳು ಹಳೆಯ ಯುದ್ಧಚಿತ್ರಗಳಲ್ಲಿ ಕಾಣಸಿಗುತ್ತವೆ. ದಣಿದ ಮನುಷ್ಯ ಒಮ್ಮೊಮ್ಮೆ ಮರೆಯುತ್ತಾನೆ ಎಂಬುದು ಗೊತ್ತಿರುವ ಸಂಗತಿ. ಗೊತ್ತಿರುವುದನ್ನು ವಿನ್ಯಾಸದಲ್ಲಿ ಸೇರಿಸದೆ ಆಮೇಲೆ ಅವನನ್ನು ಬೈಯುವುದು ಸೋಮಾರಿತನ.

ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 40 ಲಕ್ಷ ಎಂ1ಗಳು ತಯಾರಾಗಿದ್ದವು, ಬಹುಪಾಲು ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಉಳಿದವು ವಿಂಚೆಸ್ಟರ್‌ನಲ್ಲಿ. ಸವೆದು ಬಂದ ಇವನ್ನು ಮತ್ತೆ ನಂಬುವಂತೆ ಮಾಡಿದ ಡಿಪೋಗಳ ಕತೆ ಪುಸ್ತಕಗಳಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ, ಅದು ಅನ್ಯಾಯ. ರೆಡ್ ರಿವರ್, ರ‍್ಯಾರಿಟನ್, ಲೆಟರ್‌ಕೆನಿ, ರಾಕ್ ಐಲೆಂಡ್‌ಗಳಲ್ಲಿ ರೈಫಲ್‌ಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ಅವುಗಳ ತೊಟ್ಟಿಗಳಿಗೆ ಹಾಕಿ, ಒಂದೊಂದನ್ನೂ ಅಳತೆಗೋಲಿಗೆ ಹಿಡಿದು ನೋಡುತ್ತಿದ್ದರು. ಬೋಲ್ಟ್ ಮುಚ್ಚಿದಾಗ ತೋಟಾದ ಬುಡಕ್ಕೆ ಉಳಿಯುವ ಎಡೆ ಮಿತಿ ಮೀರಿದೆಯೇ, ನಳಿಗೆಯ ಗಂಟಲು ಎಷ್ಟು ಸವೆದಿದೆ, ರಾಡ್ ಬಾಗಿದೆಯೇ, ಸ್ಪ್ರಿಂಗ್ ಕುಗ್ಗಿದೆಯೇ. ಅಳತೆ ಮೀರಿದ್ದು ಗುಜರಿಗೆ, ಉಳಿದದ್ದು ಲೇಪ ಹಾಕಿಸಿಕೊಂಡು ಮತ್ತೆ ಜೋಡಣೆಗೆ. ಒಂದು ರೈಫಲ್‌ನಿಂದ ಬಿಚ್ಚಿದ ಬೋಲ್ಟ್ ಅದೇ ರೈಫಲ್‌ಗೆ ಮರಳುತ್ತಿರಲಿಲ್ಲ, ಮರಳುವ ಅಗತ್ಯವೂ ಇರಲಿಲ್ಲ. ಇಂದಿನ ಸಂಗ್ರಹಕಾರರು ಇದಕ್ಕಾಗಿ ತಲೆ ಚಚ್ಚಿಕೊಳ್ಳುತ್ತಾರೆ, ಆದರೆ ಯಾವ ಭಾಗವಾದರೂ ಯಾವುದಕ್ಕಾದರೂ ಕೂರುವುದೇ ಆ ಕಾರ್ಖಾನೆಯ ಹೆಮ್ಮೆ. ಯುದ್ಧಕಾಲದಲ್ಲಿ ರಾಡಿನ ಹಿಡಿ ಸೇರುವ ಚೌಕ ಮೂಲೆಯಲ್ಲಿ ಬಿರುಕು ಕಾಣಿಸಿಕೊಂಡಿತ್ತು. ಚೂಪು ಮೂಲೆಯಲ್ಲಿ ಒತ್ತಡ ಗಂಟುಕಟ್ಟುತ್ತದೆ ಎಂಬುದು ಎಂಜಿನಿಯರಿಂಗ್‌ನ ಹಳೆಯ ಪಾಠ. ಡಿಪೋಗಳಲ್ಲಿ ಆ ಮೂಲೆಯನ್ನು ದುಂಡಗೆ ಕೊರೆದು ಬಿಟ್ಟರು, ಬಿರುಕು ನಿಂತಿತು. 1950ರ ಚಳಿಗಾಲದಲ್ಲಿ ಕೊರಿಯದ ಚೋಸಿನ್ ಜಲಾಶಯದ ಬಳಿ ಎಣ್ಣೆ ಮೇಣದಂತೆ ಗಟ್ಟಿಯಾಗಿ ಹಗುರ ಕಾರ್ಬೈನ್‌ಗಳು ಸಾಲುಸಾಲಾಗಿ ಕೈಕೊಟ್ಟಾಗ ಎಂ1 ಬಹುಮಟ್ಟಿಗೆ ನಡೆದದ್ದಕ್ಕೆ ಈ ಹದಿನಾಲ್ಕು ವರ್ಷಗಳ ತಿದ್ದುಪಡಿಗಳೇ ಕಾರಣ.

ಇಷ್ಟಾದರೂ ಇನ್ನೊಂದು ಆಕ್ಷೇಪ ಉಳಿಯುತ್ತದೆ: ಮೂಲ ವಿನ್ಯಾಸ ಗಟ್ಟಿಯಾಗಿದ್ದರಿಂದ ತಿದ್ದಲು ಸಾಧ್ಯವಾಯಿತು, ತಿದ್ದುವ ಏರ್ಪಾಟಿನ ಹೆಚ್ಚುಗಾರಿಕೆ ಏನು? ಇದಕ್ಕೆ ಉತ್ತರ ಮೂವತ್ತು ವರ್ಷಗಳ ಬಳಿಕ ಅದೇ ಸೇನೆಯಲ್ಲಿ ಸಿಗುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಬಳಕೆಯಾದ ಎಂ16 ರೈಫಲ್ ಕೂಡ ಮೂಲದಲ್ಲಿ ಒಳ್ಳೆಯ ವಿನ್ಯಾಸವೇ, ಇಂದಿಗೂ ಅದರ ವಂಶ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಯೂಜಿನ್ ಸ್ಟೋನರ್ ಅದನ್ನು ರೂಪಿಸಿದ್ದು ಒಂದು ಬಗೆಯ ಮದ್ದಿಗೆ. 1964ರಲ್ಲಿ ಸೇನೆ ಬಾಲ್ ಪೌಡರ್ ಎಂಬ ಇನ್ನೊಂದು ಬಗೆಯ ಮದ್ದನ್ನು ಒಪ್ಪಿತು. ರೈಫಲ್ ನಿಗದಿಗಿಂತ ವೇಗವಾಗಿ ಓಡತೊಡಗಿತು, ಕರಿ ಹೆಚ್ಚು ಕೂತಿತು. ಚೇಂಬರಿಗೆ ಕ್ರೋಮ್ ಲೇಪವಿರಲಿಲ್ಲ, ವಿಯೆಟ್ನಾಮಿನ ತೇವಕ್ಕೆ ಅದು ತುಕ್ಕುಹಿಡಿದು ಖಾಲಿ ತೋಟಾ ಒಳಗೇ ಅಂಟಿಕೊಳ್ಳುತ್ತಿತ್ತು. ಅದನ್ನು ಬಡಿದು ತೆಗೆಯುವ ಕಡ್ಡಿಯೂ ಹಲವು ಸಿಪಾಯಿಗಳಲ್ಲಿರಲಿಲ್ಲ, ಯಾಕೆಂದರೆ ಈ ರೈಫಲ್‌ಗೆ ಹೆಚ್ಚು ಸ್ವಚ್ಛತೆ ಬೇಕಿಲ್ಲ ಎಂಬ ಮಾತು ಹಬ್ಬಿತ್ತು. ಗ್ಯಾರಂಡ್‌ನ ಪ್ರೈಮರ್ ರೈಫಲನ್ನು ಕೊಂದ ತಪ್ಪೇ ಇದು, ತೋಟಾ ಯಂತ್ರದ ಭಾಗವೆಂಬುದನ್ನು ಮರೆತ ತಪ್ಪು. ಈ ಸಲ ಮೊದಲು ಬೈಗುಳ ತಿಂದವರೂ ಸಿಪಾಯಿಗಳೇ. ಅವರು ಮನೆಗೆ ಬರೆದ ಪತ್ರಗಳು ಪತ್ರಿಕೆಗಳಿಗೆ ಬಂದು, ಸಂಸದ ರಿಚರ್ಡ್ ಐಕಾರ್ಡ್ ನೇತೃತ್ವದ ಉಪಸಮಿತಿ ವಿಚಾರಣೆ ನಡೆಸಿ 1967ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟು ಸೇನೆಯ ನಿರ್ವಹಣೆಯನ್ನು ಖಂಡಿಸಿತು. ಚೇಂಬರಿಗೆ ಕ್ರೋಮ್ ಬಂತು, ಕಡ್ಡಿ ಬಂತು, 1968ರಲ್ಲಿ ವ್ಯಂಗ್ಯಚಿತ್ರಕಾರ ವಿಲ್ ಐಸ್ನರ್ ಚಿತ್ರಿಸಿದ ಕೈಪಿಡಿಯೂ ಬಂತು. ಸ್ಪ್ರಿಂಗ್‌ಫೀಲ್ಡ್ ಆರ್ಮರಿಯನ್ನು ಮುಚ್ಚಿದ್ದೂ ಅದೇ 1968ರಲ್ಲಿ. ಎಂ16 ಅಲ್ಲಿ ಹುಟ್ಟಿದ್ದಲ್ಲ, ಅದರ ಗೋಳಿಗೆ ಆರ್ಮರಿ ಮುಚ್ಚಿದ್ದು ಕಾರಣ ಎಂದರೆ ಅತಿಯಾಗುತ್ತದೆ. ಆದರೆ ವಿನ್ಯಾಸ ಒಂದು ಕಡೆ, ತಯಾರಿಕೆ ಒಂದು ಕಡೆ, ಮದ್ದಿನ ಗುತ್ತಿಗೆ ಇನ್ನೊಂದು ಕಡೆ ಇದ್ದಾಗ ದೋಷಕ್ಕೆ ವಿಳಾಸ ಹುಡುಕಲು ಯುದ್ಧಭೂಮಿಯೇ ಪ್ರಯೋಗಾಲಯವಾಗಬೇಕಾಯಿತು. ನಡುವೆ ಬಂದ ಎಂ14ನಲ್ಲೂ ಒಬ್ಬ ಗುತ್ತಿಗೆದಾರನ ಕೆಲವು ರಿಸೀವರ್‌ಗಳು 1960ರಲ್ಲಿ ಒಡೆದದ್ದು ತಪ್ಪು ಉಕ್ಕು ಬೆರೆತಿದ್ದರಿಂದ, ಗುಂಡು ಹಾರಿಸಿದವನಿಂದಲ್ಲ.

ಭಾರತಕ್ಕೂ ಇದು ಪರಕೀಯ ಕತೆಯಲ್ಲ. 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದದ್ದು ತ್ರೀ ನಾಟ್ ತ್ರೀ. ಆಮೇಲೆ ಬಂದ ಇಷಾಪುರ ಕಾರ್ಖಾನೆಯ ಎಸ್‌ಎಲ್‌ಆರ್ ಅರೆಸ್ವಯಂಚಾಲಿತ, ಬೆಲ್ಜಿಯಂನ ಎಫ್‌ಎನ್ ಕಂಪನಿಯಲ್ಲಿ ಡ್ಯುಡೊನೆ ಸೈವ್ ರೂಪಿಸಿದ ಎಫ್‌ಎಎಲ್ ರೈಫಲ್‌ನ ಕುಲದ್ದು. ಅದರಲ್ಲಿ ಅನಿಲದ ಪ್ರಮಾಣ ಹೆಚ್ಚುಕಡಿಮೆ ಮಾಡುವ ತಿರುಪು ಇರುತ್ತದೆ. ರೈಫಲ್ ಸೋಮಾರಿಯಾಗಿ ಖಾಲಿ ತೋಟಾವನ್ನು ಹೊರಹಾಕದಿದ್ದರೆ ಸಿಪಾಯಿಯೇ ಅದನ್ನು ತಿರುಗಿಸಿ ಹೆಚ್ಚು ಅನಿಲ ಕೊಡಬಹುದು. ಕೊಳೆ, ಚಳಿ, ಮದ್ದಿನ ವ್ಯತ್ಯಾಸ ಬಂದೇ ಬರುತ್ತವೆ ಎಂದು ವಿನ್ಯಾಸವೇ ಒಪ್ಪಿಕೊಂಡು ಪರಿಹಾರವನ್ನು ಬಳಸುವವನ ಬೆರಳಿಗೆ ಕೊಟ್ಟ ರೀತಿ ಇದು, ಎಂ1ನಲ್ಲಿ ಇಲ್ಲದ ಸೌಕರ್ಯ. ಎಸ್‌ಎಲ್‌ಆರ್‌ನ ಜಾಗಕ್ಕೆ ಬಂದ ಇನ್‌ಸಾಸ್ ಬಗ್ಗೆ 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ದೂರುಗಳು ಕೇಳಿಬಂದವು, ಅದರ ಪ್ಲಾಸ್ಟಿಕ್ ಮ್ಯಾಗಜಿನ್ ಎತ್ತರದ ಚಳಿಗೆ ಬಿರುಕುಬಿಡುತ್ತದೆ ಎಂಬುದು ಅವುಗಳಲ್ಲೊಂದು. ಪ್ಲಾಸ್ಟಿಕ್ಕಿನ ಬಿರುಕಿಗೆ ಒರೆಸುವ ಬಟ್ಟೆಯಿಂದ ಪರಿಹಾರವಿಲ್ಲ.

ಈ ಎಲ್ಲ ಕತೆಯಲ್ಲಿ ಗ್ಯಾರಂಡ್‌ನ ಸ್ಥಾನ ವಿಶೇಷವಾದದ್ದು, ಮತ್ತು ಅದನ್ನು ಪ್ರತಿಭೆ ಎಂಬ ಒಂದೇ ಪದಕ್ಕೆ ಇಳಿಸಿದರೆ ಅವನಿಗೂ ಅನ್ಯಾಯ. ಪೆಡರ್ಸನ್, ಜಾನ್ಸನ್ ತಂತಮ್ಮ ರೈಫಲ್ ಗೆದ್ದರೆ ಲಾಭ ಪಡೆಯುವವರಾಗಿದ್ದರು, ದೋಷ ಒಪ್ಪಿಕೊಂಡರೆ ಅವರ ಜೇಬಿಗೆ ಕತ್ತರಿ. ಗ್ಯಾರಂಡ್ ಸರ್ಕಾರಿ ನೌಕರ, ತನ್ನ ಪೇಟೆಂಟ್ ಹಕ್ಕುಗಳನ್ನು 1936ರಲ್ಲಿ ಸರ್ಕಾರಕ್ಕೆ ಬರೆದುಕೊಟ್ಟವನು. ತನ್ನ ಯಂತ್ರದ ತಪ್ಪನ್ನು ತಾನೇ ಎತ್ತಿ ತೋರಿಸಿದರೂ ಅವನು ಕಳೆದುಕೊಳ್ಳುವುದೇನೂ ಇರಲಿಲ್ಲ, ಆರ್ಮರಿಯ ನೆಲದ ಮೇಲೆ ನಿಂತು ಉಪಕರಣಗಳನ್ನು ತಿದ್ದುವುದೇ ಅವನ ಕೆಲಸವಾಗಿತ್ತು. ಹಾಗೆ ತಿದ್ದಿದ ರೈಫಲ್ 1957ರವರೆಗೆ ಒಟ್ಟು 54 ಲಕ್ಷದಷ್ಟು ತಯಾರಾಯಿತು. ಅವನು 1953ರಲ್ಲಿ ನಿವೃತ್ತನಾದ, 1974ರಲ್ಲಿ ತೀರಿಕೊಂಡ. ಒಂದು ರೈಫಲ್‌ಗೂ ಅವನಿಗೆ ರಾಯಲ್ಟಿ ಬರಲಿಲ್ಲ. ಅವನಿಗೆ ಒಂದು ಲಕ್ಷ ಡಾಲರ್ ಗೌರವಧನ ಕೊಡಬೇಕೆಂಬ ಮಸೂದೆ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಮಂಡನೆಯಾಯಿತು, ಪಾಸಾಗಲಿಲ್ಲ.